45 ನಿಮಿಷದ ಬಿ.ಎ. ಸೆಟ್: ವಸಂತನರಸಾಪುರದಲ್ಲಿ 14 ತಿಂಗಳ ಬಳಕೆಯ ನಂತರ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬದಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಹಾಸಿಗೆ ಕಾರ್ಖಾನೆಯ ಸುರಕ್ಷತಾ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಹಾಳೆ, ಅದರ ಮೇಲೆ ಪಾಲಿಯುರೆಥೇನ್ ಫೋಮ್, ಅದಕ್ಕೊಂದು ಬಟ್ಟೆಯ ಹೊದಿಕೆ. ಹೀಗೆ ನಮ್ಮ ಗೋದಾಮಿನಲ್ಲಿ ಉರಿಯದ ವಸ್ತುವೇ ಕಡಿಮೆ. ಅಗ್ನಿಶಾಮಕ ವಾಹನ ಬಂದು ನಿಲ್ಲುವವರೆಗಿನ ನಿಮಿಷಗಳನ್ನು ನಿಭಾಯಿಸಲು ಮೂರು ಪಾಳಿಗೆ ಸೇರಿ ಹನ್ನೆರಡು ಜನರ ತಂಡವೊಂದಿದೆ. ಅವರೆಲ್ಲ ದಿನನಿತ್ಯ ಯಂತ್ರದ ಮುಂದೆ ನಿಲ್ಲುವ ಆಪರೇಟರ್‌ಗಳು, ಫಿಟ್ಟರ್‌ಗಳು ಮತ್ತು ಎಲೆಕ್ಟ್ರಿಷಿಯನ್‌ಗಳು. ಈ ತಂಡಕ್ಕಾಗಿ ಹದಿನಾಲ್ಕು ತಿಂಗಳ ಹಿಂದೆ ನಾಲ್ಕು ಉಸಿರಾಟದ ಸೆಟ್‌ಗಳನ್ನು, ಅಂದರೆ ಅಗ್ನಿಶಾಮಕ ಸಿಬ್ಬಂದಿ ‘ಬಿ.ಎ. ಸೆಟ್’ ಎಂದು ಕರೆಯುವ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುವ ಉಪಕರಣವನ್ನು ಕೊಂಡೆವು. ತಿಂಗಳಿಗೊಂದು ಡ್ರಿಲ್ ಹಾಗೂ ಒಂದು ನಿಜವಾದ ಬೆಂಕಿಯಲ್ಲಿ ಅವುಗಳನ್ನು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಬೇಕಾದ ಮುಖ್ಯ ವಿಷಯ ಮಾರುಕಟ್ಟೆಯಲ್ಲಿರುವ ಈ ದರ್ಜೆಯ ಎಲ್ಲ ಸೆಟ್‌ಗಳಿಗೂ ಒಂದೇ ಆಗಿದೆ.

ಆ ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೆಟ್ ಉತ್ತಮವಾಗಿದೆ, ಕೊಟ್ಟ ಹಣಕ್ಕೆ ತಕ್ಕಂತಿದೆ. ಆದರೆ ಡಬ್ಬದ ಮೇಲೆ ಬರೆದಿರುವ 45 ನಿಮಿಷ ಎಂಬ ಸಂಖ್ಯೆಯನ್ನು ನಂಬಿಕೊಂಡು ಯಾರನ್ನಾದರೂ ಹೊಗೆಯೊಳಗೆ ಕಳುಹಿಸಿದರೆ ಅವರು ವಾಪಸ್ ಬರುವ ಬಗ್ಗೆ ಯಾರೂ ಭರವಸೆ ಕೊಡಲಾರರು. ನಮ್ಮ ತಂಡದ ಕೈಯಲ್ಲಿ ಆ ಸಂಖ್ಯೆ 22ಕ್ಕೆ ಇಳಿಯಿತು, ಒಬ್ಬರ ಕೈಯಲ್ಲಿ 18ಕ್ಕೆ.

ಇಂಥ ಉಪಕರಣ ಏಕೆ ಬೇಕಾಯಿತು ಎಂಬುದನ್ನು ನಮ್ಮ ಸುತ್ತಲಿನ ಅಕ್ಕಿ ಗಿರಣಿ, ನಾರಿನ ಘಟಕ, ಕೊಬ್ಬರಿ ಗೋದಾಮುಗಳ ಮಾಲೀಕರಿಗಾಗಿ ವಿವರಿಸಬೇಕಾಗಿದೆ. ಬೆಂಕಿ ಬಿದ್ದಾಗ ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಂಡು ಒಳಗೆ ನುಗ್ಗುವುದು ನಮ್ಮ ಭಾಗದಲ್ಲಿ ಇಂದಿಗೂ ಇದೆ, ಮತ್ತು ಅದನ್ನು ಧೈರ್ಯವೆಂದೇ ಎಲ್ಲರೂ ಮೆಚ್ಚುತ್ತಾರೆ. ಒದ್ದೆ ಬಟ್ಟೆ ಮಸಿಯ ಕಣಗಳನ್ನು ಸ್ವಲ್ಪ ತಡೆಯಬಹುದೇ ಹೊರತು ಅನಿಲವನ್ನು ತಡೆಯುವುದಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿರುವ ಫೋಮ್ ಉರಿದಾಗ ಇದರ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಬರುತ್ತದೆ. ಪೇಂಟ್ ಕೆಲಸದವರು ಹಾಕಿಕೊಳ್ಳುವ ಫಿಲ್ಟರ್ ಮಾಸ್ಕ್ ಕೂಡ ಇಲ್ಲಿ ಉಪಯೋಗವಿಲ್ಲ, ಏಕೆಂದರೆ ಬೆಂಕಿ ಆಮ್ಲಜನಕವನ್ನು ನುಂಗಿಹಾಕಿದ ಕೋಣೆಯಲ್ಲಿ ಸೋಸುವುದಕ್ಕೆ ಒಳ್ಳೆಯ ಗಾಳಿಯೇ ಉಳಿದಿರುವುದಿಲ್ಲ. ಗಾಳಿಯನ್ನು ನಮ್ಮ ಜೊತೆಗೇ ಹೊತ್ತುಕೊಂಡು ಹೋಗಬೇಕು.

ಈಗ ಸೆಟ್‌ನ ವಿವರಕ್ಕೆ ಬರುತ್ತೇನೆ. ಕಾರ್ಬನ್ ನಾರು ಸುತ್ತಿದ 6.8 ಲೀಟರ್ ಸಿಲಿಂಡರ್, 300 ಬಾರ್ ಒತ್ತಡ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಬೆನ್ನಿನ ಆಕಾರಕ್ಕೆ ಬಾಗಿದ ಬ್ಯಾಕ್ ಪ್ಲೇಟ್, ಭುಜ ಮತ್ತು ಸೊಂಟದ ಪಟ್ಟಿ, ಸಿಲಿಂಡರ್‌ನ ಒತ್ತಡ ತೋರಿಸಲು ಎದೆಯ ಮೇಲೆ ಜೋತುಬೀಳುವ ಗೇಜ್, ಪೂರ್ಣ ಮುಖ ಮುಚ್ಚುವ ಮಾಸ್ಕ್, ಅದಕ್ಕೆ ಕ್ಲಿಕ್ಕೆಂದು ಕೂರುವ, ಉಸಿರೆಳೆದಾಗ ಗಾಳಿ ಬಿಡುವ ಡಿಮಾಂಡ್ ವಾಲ್ವ್, ಮತ್ತು ಪಟ್ಟಿಗೆ ಸಿಕ್ಕಿಸಿರುವ, ಮನುಷ್ಯ ಅಲುಗಾಡದಿದ್ದರೆ ಕೂಗುವ ಅಲಾರಂ. ಯುರೋಪಿನ ಇ.ಎನ್. 137 ಮಾನದಂಡದ ಎರಡನೇ ದರ್ಜೆಗೆ, ಅಂದರೆ ಬೆಂಕಿ ಆರಿಸುವವರ ಬಳಕೆಗೆ ಒಪ್ಪಿತವಾದ ದರ್ಜೆಗೆ ಇದು ಸೇರುತ್ತದೆ. ಸೆಟ್ ಒಂದಕ್ಕೆ ತೆರಿಗೆ ಬಿಟ್ಟು ಸುಮಾರು 85 ಸಾವಿರ ರೂಪಾಯಿ ತಗುಲಿತು. ಉಕ್ಕಿನ ಸಿಲಿಂಡರ್‌ನ ಸೆಟ್ ಇದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು, ಆದರೆ ಎರಡನ್ನೂ ಹೊತ್ತು ನೋಡಿದ ಫಿಟ್ಟರ್ ಒಬ್ಬರು ಉಕ್ಕಿನದ್ದನ್ನು ಹೊತ್ತುಕೊಂಡು ಮೆಜನೈನ್ (ನಡು ಅಟ್ಟ) ಏಣಿ ಹತ್ತಿ ಇಳಿಯುವಷ್ಟರಲ್ಲಿ ಏದುಸಿರು ಬಿಡುತ್ತಿದ್ದುದನ್ನು ಕಂಡ ಮೇಲೆ ಆ ಯೋಚನೆಯನ್ನು ಕೈಬಿಟ್ಟೆವು. ಹೊರುವ ಭಾರವೇ ಉಸಿರನ್ನು ಹೆಚ್ಚಿಸಿ ಗಾಳಿಯನ್ನು ಖಾಲಿ ಮಾಡುತ್ತದೆ ಎಂಬುದು ಆ ಏಣಿಯ ಬುಡದಲ್ಲಿ ನಮಗೆ ಅರ್ಥವಾಯಿತು. ಕಾರ್ಬನ್ ಸೆಟ್ ತುಂಬಿದ ಸಿಲಿಂಡರ್ ಸೇರಿ ಹನ್ನೊಂದು ಕಿಲೋ ಆಸುಪಾಸಿನಲ್ಲಿದೆ. ಅದರಲ್ಲಿ ಎರಡು ಕಿಲೋಗೂ ಹೆಚ್ಚು ತೂಕ ಬರೀ ಗಾಳಿಯದ್ದು ಎಂದಾಗ ತಂಡದವರು ನಂಬಲಿಲ್ಲ. ಖಾಲಿ ಮಾಡಿ ತಕ್ಕಡಿಯ ಮೇಲಿಟ್ಟು ತೋರಿಸಿದೆವು.

ಮಾಸ್ಕ್‌ನ ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಸದಾ ಒಂದಿಷ್ಟು ಹೆಚ್ಚಾಗಿಯೇ ಇರುವಂತೆ ಡಿಮಾಂಡ್ ವಾಲ್ವ್ ನೋಡಿಕೊಳ್ಳುತ್ತದೆ. ಆದ್ದರಿಂದ ಎಲ್ಲೋ ಸಣ್ಣ ಸಂದಿ ಉಳಿದರೂ ಒಳಗಿನ ಗಾಳಿ ಹೊರಗೆ ಹೋಗುತ್ತದೆಯೇ ವಿನಾ ಹೊರಗಿನ ಹೊಗೆ ಒಳಗೆ ಬರುವುದಿಲ್ಲ. ಇದು ಈ ಸೆಟ್‌ನ ಬಹು ದೊಡ್ಡ ಗುಣ. ಆದರೆ ಅದೇ ಗುಣಕ್ಕೆ ಇನ್ನೊಂದು ಮುಖವಿದೆ: ಸಂದಿಯಿಂದ ಹೊರಹೋಗುವುದು ನಿಮ್ಮ ಹೊರಬರುವ ದಾರಿಯ ಗಾಳಿ. ಗಡ್ಡದ ಪ್ರಶ್ನೆ ಬಂದದ್ದು ಇಲ್ಲಿಯೇ. ತಂಡದ ಮೂವರಿಗೆ ಗಡ್ಡವಿತ್ತು. ಅದರಲ್ಲಿ ಇಬ್ಬರು ಹರಕೆ, ಸಂಪ್ರದಾಯದ ಕಾರಣಕ್ಕೆ ಬಿಟ್ಟವರು. ಒಬ್ಬ ಯುವಕನ ಮೂರು ದಿನದ ಕುರುಚಲು ಗಡ್ಡದ ಮೇಲೆ ಮಾಸ್ಕ್ ಹಾಕಿಸಿ ಸುಮ್ಮನೆ ಕೂರಿಸಿದಾಗ ಗಲ್ಲದ ಅಂಚಿನಿಂದ ಸುಯ್ಯೆನ್ನುವ ಸದ್ದು ಪಕ್ಕದಲ್ಲಿದ್ದ ನಮಗೆಲ್ಲ ಕೇಳಿಸಿತು. ಯಾರ ನಂಬಿಕೆಯನ್ನೂ ಪ್ರಶ್ನಿಸದೆ, ಗಡ್ಡ ಬಿಡುವವರನ್ನು ಒಳಗೆ ಹೋಗುವ ಜೋಡಿಯಿಂದ ತೆಗೆದು ಒಳಹೋದವರ ಲೆಕ್ಕವನ್ನು ಹೊರಗೆ ಬೋರ್ಡ್‌ನಲ್ಲಿ ಬರೆಯುವ ಮತ್ತು ಪಂಪ್ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದೆವು. ಕನ್ನಡಕದ ಕಡ್ಡಿಯೂ ಹೀಗೇ ಸಂದಿ ಬಿಡಿಸುತ್ತದೆ; ಮಾಸ್ಕ್‌ನ ಒಳಗೇ ಗಾಜು ಕೂರಿಸುವ ಚೌಕಟ್ಟು ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಕೊಳ್ಳುವಾಗಲೇ ಕೇಳಿ ಪಡೆಯಬೇಕು. ನಮಗೆ ಬಂದ ನಾಲ್ಕೂ ಮಾಸ್ಕ್‌ಗಳು ಒಂದೇ ಮಧ್ಯಮ ಅಳತೆಯವು. ತಂಡದಲ್ಲಿ ಇಬ್ಬರು ಸಣ್ಣ ಮುಖದವರು ಪಟ್ಟಿಯನ್ನು ಎಷ್ಟು ಬಿಗಿದರೂ ಕೆನ್ನೆಯ ಬಳಿ ಅದು ಕೂರಲಿಲ್ಲ. ನಾವು ಮಾಡಿದ ತಪ್ಪು ಇದು. ಸೆಟ್ ಎಷ್ಟು ಎಂದು ಲೆಕ್ಕ ಹಾಕುವ ಮೊದಲು ಮುಖಗಳ ಅಳತೆ ತೆಗೆದುಕೊಳ್ಳಬೇಕಿತ್ತು.

ಇನ್ನು ಆ 45 ನಿಮಿಷದ ಲೆಕ್ಕ. 6.8 ಲೀಟರನ್ನು 300ರಿಂದ ಗುಣಿಸಿದರೆ 2,040 ಲೀಟರ್ ಗಾಳಿ. ಅಷ್ಟು ಒತ್ತಡದಲ್ಲಿ ಗಾಳಿ ಈ ಸರಳ ಲೆಕ್ಕದಷ್ಟು ಕುಗ್ಗುವುದಿಲ್ಲವಾದ್ದರಿಂದ ನಿಜವಾದ ಪ್ರಮಾಣ ಇನ್ನೂ ಸ್ವಲ್ಪ ಕಡಿಮೆಯೇ ಇರುತ್ತದೆ. ನಿಮಿಷಕ್ಕೆ 40 ಲೀಟರ್ ಉಸಿರಾಡುವ ಮನುಷ್ಯನನ್ನು ಇಟ್ಟುಕೊಂಡು ತಯಾರಕರು 45 ನಿಮಿಷ ಎನ್ನುತ್ತಾರೆ. ಸುಳ್ಳಲ್ಲ, ಸಮತಟ್ಟಾದ ಜಾಗದಲ್ಲಿ ಬಿರುಸಾಗಿ ನಡೆಯುವವರಿಗೆ ಅದು ಸರಿಹೊಂದಬಹುದು. ಆದರೆ ನೀರು ತುಂಬಿದ ಹೋಸ್ ಎಳೆಯುತ್ತ, ಮಂಡಿಯೂರಿ, ಏನೂ ಕಾಣದ ಜಾಗದಲ್ಲಿ, ಎದೆ ಬಡಿದುಕೊಳ್ಳುತ್ತಿರುವ ಮನುಷ್ಯ 40 ಲೀಟರ್‌ನಲ್ಲಿ ನಿಲ್ಲುವುದಿಲ್ಲ.

ಇದನ್ನು ನಾವೇ ಅಳೆದು ನೋಡಿದೆವು. ಖಾಲಿ ಗೋದಾಮಿನಲ್ಲಿ ಫೋಮ್ ಬ್ಲಾಕ್‌ಗಳನ್ನು ಸಾಲಾಗಿ ಜೋಡಿಸಿ ಓಣಿಗಳನ್ನು ಮಾಡಿ, ದೀಪ ಆರಿಸಿ, ಮದುವೆ ಮಂಟಪಗಳಲ್ಲಿ ಬಳಸುವ ಹೊಗೆ ಯಂತ್ರವನ್ನು ಬಾಡಿಗೆಗೆ ತಂದು ಒಳಗಿಟ್ಟೆವು. ಅಗ್ನಿಶಾಮಕ ಇಲಾಖೆಯಿಂದ ನಿವೃತ್ತರಾದ ಲೀಡಿಂಗ್ ಫೈರ್‌ಮನ್ ಒಬ್ಬರು ತರಬೇತಿ ಕೊಡಲು ಬಂದಿದ್ದರು. ಇಬ್ಬರು ಹೋಸ್ ಹಿಡಿದು ಒಳಹೋಗಿ, ನಲವತ್ತು ಕಿಲೋ ಮರಳು ತುಂಬಿದ ಗೊಂಬೆಯನ್ನು ಹುಡುಕಿ ಎಳೆದು ತರಬೇಕಿತ್ತು. ಇಪ್ಪತ್ತೇಳು ವರ್ಷದ, ತೆಳ್ಳಗಿನ, ದಿನವೂ ಕಬಡ್ಡಿ ಆಡುವ ಆಪರೇಟರ್‌ನ ಗೇಜ್ ಹತ್ತು ನಿಮಿಷಕ್ಕೆ 300ರಿಂದ 190ಕ್ಕೆ ಇಳಿದಿತ್ತು. ಅಂದರೆ ನಿಮಿಷಕ್ಕೆ ಸುಮಾರು 75 ಲೀಟರ್. ಅವನ ಜೊತೆಗಿದ್ದ ನಲವತ್ತೆಂಟು ವರ್ಷದ ಎಲೆಕ್ಟ್ರಿಷಿಯನ್‌ನ ಗೇಜ್ 165 ತೋರಿಸುತ್ತಿತ್ತು, ನಿಮಿಷಕ್ಕೆ 90 ಲೀಟರಿಗೂ ಮೇಲೆ. ಸಿಲಿಂಡರ್‌ನ ಒತ್ತಡ ಕಡಿಮೆಯಾಯಿತೆಂದು ಎಚ್ಚರಿಸುವ ವಿಸಿಲ್ 55 ಬಾರ್ ಆಸುಪಾಸಿನಲ್ಲಿ ಊದುತ್ತದೆ. ಅಲ್ಲಿಯವರೆಗೆ ಮೊದಲನೆಯವನಿಗೆ ಇದ್ದದ್ದು 22 ನಿಮಿಷ, ಎರಡನೆಯವರಿಗೆ 18. ಜೋಡಿಯಾಗಿ ಹೋದವರು ಜೋಡಿಯಾಗಿಯೇ ಬರಬೇಕಾದ್ದರಿಂದ ಇಬ್ಬರ ಸಮಯವೂ 18 ನಿಮಿಷವೇ.

ವಿಸಿಲ್ ಊದಿದ ಮೇಲೆ ಉಳಿಯುವುದು 370 ಲೀಟರ್ ಚಿಲ್ಲರೆ, ಅಂದರೆ ನಾಲ್ಕೈದು ನಿಮಿಷದ ಗಾಳಿ. ಆ ಡ್ರಿಲ್‌ನಲ್ಲಿ ಒಳಗಿನಿಂದ ಬಾಗಿಲಿಗೆ ಬರಲು ಅವರಿಗೆ ಹಿಡಿದದ್ದು ಏಳು ನಿಮಿಷ, ಏಕೆಂದರೆ ಎರಡನೇ ಓಣಿಯ ತಿರುವಿನಲ್ಲಿ ಹೋಸ್ ಬಿಟ್ಟು ಗೋಡೆ ಹಿಡಿದುಬಿಟ್ಟಿದ್ದರು. ವಿಸಿಲ್ ಕೇಳಿದ ಮೇಲೆ ಹೊರಟಿದ್ದರೆ ಬಾಗಿಲಿಗೆ ಎರಡು-ಮೂರು ನಿಮಿಷದ ದೂರದಲ್ಲಿ ಮಾಸ್ಕ್ ಅವರ ಮುಖಕ್ಕೆ ಅಂಟಿಕೊಳ್ಳುತ್ತಿತ್ತು. ಅದು ಡ್ರಿಲ್ ಆಗಿದ್ದರಿಂದ ದೀಪ ಹಾಕಿ ಶಟರ್ ಎತ್ತುತ್ತಿದ್ದೆವು ಎಂಬುದು ನಿಜ, ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ವಿಸಿಲ್ ತಡವಾಗಿ ಊದುತ್ತದೆ ಎಂಬ ಈ ಅಭಿಪ್ರಾಯ ನನ್ನೊಬ್ಬನದ್ದಲ್ಲ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್.ಎಫ್.ಪಿ.ಎ. ಉಸಿರಾಟದ ಸೆಟ್‌ಗಳಿಗಾಗಿ ಮಾಡಿದ 1981 ಸಂಖ್ಯೆಯ ಮಾನದಂಡದ 2013ರ ಆವೃತ್ತಿಯಲ್ಲಿ ಎಚ್ಚರಿಕೆಯ ಮಟ್ಟವನ್ನು ಸಿಲಿಂಡರ್‌ನ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗಕ್ಕೆ ಏರಿಸಿದರು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಯುರೋಪ್ ಮಾದರಿಯ ಸೆಟ್‌ಗಳಲ್ಲಿ ಅದು ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ವಿಸಿಲ್ ಇರುವುದು ಹೊರಡಲು ಹೇಳುವುದಕ್ಕಲ್ಲ. ಆ ಹೊತ್ತಿಗೆ ಹೊರಗೆ ಬಂದಿರಬೇಕಿತ್ತು ಎಂದು ಹೇಳುವುದಕ್ಕೆ ಎಂದು ನಾವು ತಂಡಕ್ಕೆ ಕಲಿಸುತ್ತಿದ್ದೇವೆ.

ತರಬೇತಿಗೆ ಬಂದಿದ್ದ ನಿವೃತ್ತರು ಚಹಾ ಕುಡಿಯುತ್ತ ನನಗೆ ಹೇಳಿದ್ದು ಇಷ್ಟೇ: “ಸಾರ್, ನಿಮ್ಮ ಹುಡುಗ್ರನ್ನ ಗೇಜ್ ಎಷ್ಟಿದೆ ಅಂತ ಕೇಳ್ಬೇಡಿ. ಎಷ್ಟಕ್ಕೆ ವಾಪಸ್ ತಿರುಗ್ತೀಯಾ ಅಂತ ಒಳಗೆ ಹೋಗೋಕ್ ಮುಂಚೆನೇ ಕೇಳಿ, ಬರ್ಕೊಳ್ಳಿ.” ಅದನ್ನೇ ಲೆಕ್ಕಕ್ಕೆ ಇಳಿಸಿದೆವು. ವಿಸಿಲ್‌ನ ಕೆಳಗಿನ ಗಾಳಿಯನ್ನು ಮುಟ್ಟಬಾರದೆಂದು 60 ಬಾರ್ ಪಕ್ಕಕ್ಕಿಟ್ಟರೆ 300ರಲ್ಲಿ ಉಳಿಯುವುದು 240. ಅದರಲ್ಲಿ ಅರ್ಧ ಒಳಹೋಗಲು ಮತ್ತು ಕೆಲಸಕ್ಕೆ, ಅರ್ಧ ಹಿಂತಿರುಗಲು. ಇಬ್ಬರಲ್ಲಿ ಯಾರ ಗೇಜ್ ಮೊದಲು 180ಕ್ಕೆ ಬಂದರೂ ಇಬ್ಬರೂ ತಿರುಗಬೇಕು, ಬೆಂಕಿ ಕಣ್ಣೆದುರಿಗೇ ಇದ್ದರೂ ತಿರುಗಬೇಕು. ಈ ಮಾತನ್ನು ಒಪ್ಪಿಸುವುದಕ್ಕೆ ಸೆಟ್ ಬಳಸಲು ಕಲಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ನಮ್ಮವರು ಸಾಮಾನು ಉಳಿಸಬೇಕೆಂದು ಹೊರಟವರು, ಅರ್ಧಕ್ಕೆ ತಿರುಗುವುದು ಅವರಿಗೆ ಸೋಲಿನಂತೆ ಕಾಣುತ್ತದೆ.

ಗೇಜ್ ಒಳಗಿರುವವರ ಎದೆಯ ಮೇಲಿದೆ, ಆದರೆ ದಟ್ಟ ಹೊಗೆಯಲ್ಲಿ ಮಾಸ್ಕ್‌ಗೆ ಒತ್ತಿ ಹಿಡಿದರೂ ಅದರ ಮುಳ್ಳು ಕಾಣುವುದು ಕಷ್ಟ. ರೇಡಿಯಂ ಬಣ್ಣ ಹಚ್ಚಿದ ಮುಖವಿದ್ದರೂ ಹತ್ತು ನಿಮಿಷ ಕತ್ತಲಲ್ಲಿದ್ದ ಡಬ್ಬದಿಂದ ತೆಗೆದ ಸೆಟ್‌ನಲ್ಲಿ ಅದು ಹೊಳೆಯಲೇ ಇಲ್ಲ. ಗೇಜ್‌ನ ಮೇಲೆ ಕೈದೀಪ ಹಾಯಿಸಿ ಬೆಳಕು ತೋರಿಸಿದ ಮೇಲೆ ಹೊಳೆಯಿತು. ಇದು ಈ ಸೆಟ್‌ನ ನಿಜವಾದ ಕೊರತೆ. ಇದಕ್ಕಿಂತ ದುಬಾರಿ ಮಾದರಿಗಳಲ್ಲಿ ಮಾಸ್ಕ್‌ನ ಒಳಗೇ ಹಸಿರು, ಹಳದಿ, ಕೆಂಪು ದೀಪಗಳು ಉಳಿದ ಗಾಳಿಯನ್ನು ತೋರಿಸುತ್ತವೆ. ಹಣ ಹೊಂದಿಸಲು ಸಾಧ್ಯವಿರುವವರು ಅದನ್ನೇ ಆರಿಸಿಕೊಳ್ಳಲಿ. ನಮ್ಮಂಥವರು ಲೆಕ್ಕವನ್ನು ಹೊರಗಿನಿಂದ ಇಡಬೇಕಾಗುತ್ತದೆ.

ಹೊರಗಿನಿಂದ ಲೆಕ್ಕ ಇಡುವ ಪದ್ಧತಿ ಹಳೆಯದು, ಮತ್ತು ಅದರ ಹಿಂದೆ ಸಾವುಗಳಿವೆ. 1958ರ ಜನವರಿಯಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ನೆಲಮಾಳಿಗೆಯ ಬೆಂಕಿಯಲ್ಲಿ ಇಬ್ಬರು ಅಗ್ನಿಶಾಮಕರು ಗಾಳಿ ಮುಗಿದು ಒಳಗೇ ಉಳಿದರು. ಯಾರು ಒಳಗಿದ್ದಾರೆ, ಯಾವಾಗ ಹೋದರು, ಯಾವಾಗ ಬರಬೇಕು ಎಂಬುದನ್ನು ಬಾಗಿಲಲ್ಲೇ ಬೋರ್ಡ್‌ನಲ್ಲಿ ಬರೆದಿಡುವ ಕ್ರಮ ಅಲ್ಲಿ ಬಿಗಿಯಾದದ್ದು ಆ ನಂತರ. 1999ರ ಡಿಸೆಂಬರ್ 3ರಂದು ಅಮೆರಿಕದ ವೂಸ್ಟರ್‌ನ ಕಿಟಕಿಗಳಿಲ್ಲದ ಹಳೆಯ ಶೀತಲಗೃಹವೊಂದರಲ್ಲಿ ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆಂದು ಹುಡುಕಲು ಹೋದ ಇಬ್ಬರು ದಾರಿ ತಪ್ಪಿದರು, ಅವರನ್ನು ಹುಡುಕಲು ಹೋದ ನಾಲ್ವರೂ ಹಿಂತಿರುಗಲಿಲ್ಲ. ನಮ್ಮ ಗೋದಾಮಿಗೂ ಕಿಟಕಿಗಳಿಲ್ಲ, ಶಟರ್ ಎರಡೇ. ಈ ಘಟನೆಯನ್ನು ತಂಡಕ್ಕೆ ಹೇಳಿದ ದಿನ ಯಾರೂ ಮಾತನಾಡಲಿಲ್ಲ.

ನಮ್ಮ ಬೋರ್ಡ್ ನಮ್ಮ ಬಡಗಿಯೇ ಮಾಡಿದ್ದು: ಎರಡು ಅಡಿ ಅಗಲದ ಹಲಗೆ, ಅದರ ಮೇಲೆ ಬಿಳಿ ಲ್ಯಾಮಿನೇಟ್, ಮೊಳೆಗೆ ನೇತುಹಾಕಿದ ಗಡಿಯಾರ, ಮಾರ್ಕರ್ ಪೆನ್ನು. ತಂಡದ ಪ್ರತಿಯೊಬ್ಬರಿಗೂ ಹಿತ್ತಾಳೆಯ ಒಂದು ಬಿಲ್ಲೆ ಇದೆ. ಒಳಹೋಗುವವರು ಬಿಲ್ಲೆಯನ್ನು ಬಿಚ್ಚಿ ಬೋರ್ಡ್‌ಗೆ ಸಿಕ್ಕಿಸದೆ ಶಟರ್ ದಾಟುವಂತಿಲ್ಲ. ಹೆಸರು, ಹೋದ ಸಮಯ, ಆಗಿನ ಬಾರ್, ತಿರುಗಬೇಕಾದ ಬಾರ್, ವಿಸಿಲ್ ಊದಬಹುದಾದ ಸಮಯ ಇಷ್ಟನ್ನೂ ಬೋರ್ಡ್ ಹಿಡಿದವರು ಬರೆಯುತ್ತಾರೆ ಮತ್ತು ಪ್ರತಿ ಐದು ನಿಮಿಷಕ್ಕೆ ವಾಕಿಟಾಕಿಯಲ್ಲಿ ಗೇಜ್ ಕೇಳುತ್ತಾರೆ. ಇಡೀ ಬೋರ್ಡ್‌ಗೆ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ. 85 ಸಾವಿರದ ಸೆಟ್‌ನಷ್ಟೇ ಗೌರವದಿಂದ ಅದನ್ನು ನೋಡಿಕೊಳ್ಳುತ್ತೇವೆ.

ನಾಲ್ಕೇ ಸೆಟ್ ಏಕೆ ಎಂದು ಕೆಲವರು ಕೇಳಿದ್ದಾರೆ. ಇಬ್ಬರು ಒಳಗಿದ್ದರೆ ಇಬ್ಬರು ಅದೇ ಸಜ್ಜಿನಲ್ಲಿ ಹೊರಗೆ ಸಿದ್ಧವಾಗಿರಬೇಕು ಎಂಬ ನಿಯಮವನ್ನು ಅಮೆರಿಕ 1998ರಲ್ಲಿ ಕಾನೂನಿನ ಬಲ ಕೊಟ್ಟು ಜಾರಿ ಮಾಡಿತು. ಬೇರೆ ಯಾವ ದೇಶದ ಕಾನೂನೇ ಆಗಲಿ, ಮಾತಿನಲ್ಲಿ ನ್ಯಾಯವಿದೆ. ಎರಡೇ ಸೆಟ್ ಕೊಂಡ ಕಾರ್ಖಾನೆ, ಒಳಗೆ ಬಿದ್ದವರನ್ನು ತರಲು ಒದ್ದೆ ಟವೆಲ್ ಕಟ್ಟಿಕೊಂಡವರನ್ನೇ ಮತ್ತೆ ಕಳುಹಿಸಬೇಕಾಗುತ್ತದೆ. ನಾಲ್ಕಕ್ಕೆ ಹಣವಿಲ್ಲದಿದ್ದರೆ ಒಳಗೆ ಹೋಗುವ ಯೋಚನೆಯನ್ನೇ ಬಿಟ್ಟು, ಬಾಗಿಲು ಮುಚ್ಚಿ, ಜನರನ್ನು ಹೊರಗೆ ಕರೆದು ಎಣಿಸಿ, 112ಕ್ಕೆ ಕರೆ ಮಾಡಿ ಕಾಯುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲಾರಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು ಮೂವತ್ತು ಸೆಕೆಂಡು ಅಲುಗಾಡದಿದ್ದರೆ ಕಿವಿಗಡಚಿಕ್ಕುವಂತೆ ಕೂಗುತ್ತದೆ, ಅದಕ್ಕೆ ಮೊದಲು ಚಿಕ್ಕ ಸದ್ದಿನಿಂದ ಎಚ್ಚರಿಸುತ್ತದೆ. ಹೊಗೆಯಲ್ಲಿ ಗೊಂಬೆಯ ಪಕ್ಕ ಸೆಟ್ ಇಟ್ಟು ನೋಡಿದಾಗ ಹೊರಗಿದ್ದ ಜೋಡಿ ಸದ್ದನ್ನೇ ಹಿಡಿದು ನಾಲ್ಕು ನಿಮಿಷದಲ್ಲಿ ತಲುಪಿತು. ಅಲಾರಂ ಇಲ್ಲದೆ ಹುಡುಕಿದಾಗ ಹನ್ನೊಂದು ನಿಮಿಷ. ಬ್ಯಾಟರಿಯನ್ನು ಪಾಳಿ ಬದಲಾಗುವಾಗ ಪರೀಕ್ಷಿಸುವ ಅಭ್ಯಾಸ ಇರಲಿ.

ಸೆಟ್ ಕೊಂಡವರು ಶಾಖದ ವಿಷಯದಲ್ಲಿ ಮೋಸಹೋಗುವ ಸಾಧ್ಯತೆ ಇದೆ. ಮುಖ ಮುಚ್ಚಿದೆ, ಉಸಿರು ತಂಪಾಗಿದೆ, ಹಾಗಾಗಿ ಇನ್ನೂ ಎರಡು ಹೆಜ್ಜೆ ಮುಂದೆ ಹೋಗಬಹುದು ಎನಿಸುತ್ತದೆ. ಮಾಸ್ಕ್‌ನ ಪಾರದರ್ಶಕ ಭಾಗ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೆತ್ತಗಾಗತೊಡಗುತ್ತದೆ. ಕೋಣೆಯ ಎಲ್ಲ ಸಾಮಾನೂ ಒಟ್ಟಿಗೆ ಹೊತ್ತಿಕೊಳ್ಳುವ ಫ್ಲ್ಯಾಶ್‌ಓವರ್ ಹೊತ್ತಿಗೆ ಛಾವಣಿಯ ಕೆಳಗಿನ ಹೊಗೆ 500–600 ಡಿಗ್ರಿಗೆ ಏರಿರುತ್ತದೆ. ಅಮೆರಿಕದ ಯು.ಎಲ್. ಪ್ರಯೋಗಾಲಯ ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣದ ಕೋಣೆಗೂ ಈಗಿನ ಫೋಮ್, ಪ್ಲಾಸ್ಟಿಕ್ ತುಂಬಿದ ಕೋಣೆಗೂ ಬೆಂಕಿ ಇಟ್ಟು ಹೋಲಿಸಿದಾಗ, ಮೊದಲನೆಯದು ಆ ಹಂತಕ್ಕೆ ಬರಲು ಅರ್ಧ ಗಂಟೆಯ ಆಸುಪಾಸು ಹಿಡಿದರೆ ಎರಡನೆಯದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ವೃತ್ತಿಪರ ಅಗ್ನಿಶಾಮಕರು ತೊಡುವ ದಪ್ಪ ಕೋಟಿಗೆ ಅಮೆರಿಕದ ಮಾನದಂಡ ಕೇಳುವ ಕನಿಷ್ಠ ರಕ್ಷಣೆಯೂ ಅಂಥ ಜ್ವಾಲೆಯ ನಡುವೆ ಚರ್ಮ ಬೊಬ್ಬೆ ಏಳುವುದಕ್ಕೆ ಮುಂಚೆ ಹದಿನೇಳು ಚಿಲ್ಲರೆ ಸೆಕೆಂಡುಗಳಷ್ಟೇ. ನಮ್ಮ ತಂಡಕ್ಕೆ ಆ ಕೋಟೂ ಇಲ್ಲ. ಆದ್ದರಿಂದ ನಾವು ಒಂದು ಗೆರೆ ಹಾಕಿಕೊಂಡಿದ್ದೇವೆ: ಹೊಗೆ ಮಾತ್ರ ಇರುವ, ಬೆಂಕಿ ಇನ್ನೂ ಒಂದು ಮೂಲೆಯಲ್ಲಿರುವ ಹಂತದಲ್ಲಿ, ಒಳಗೆ ಮನುಷ್ಯರಿದ್ದಾರೆಂಬ ಅಥವಾ ಹೋಸ್ ರೀಲ್‌ನಿಂದ ಆರಿಸಬಹುದೆಂಬ ಖಾತ್ರಿ ಇದ್ದಾಗ ಮಾತ್ರ ಪ್ರವೇಶ. ಹೊಗೆ ಉಸಿರಾಡಿದಂತೆ ಶಟರ್‌ನ ಸಂದಿಯಿಂದ ಒಳಗೂ ಹೊರಗೂ ಎಳೆದಾಡುತ್ತಿದ್ದರೆ, ಮುಚ್ಚಿದ ಶಟರ್ ಕೈಯಿಡಲಾಗದಷ್ಟು ಕಾದಿದ್ದರೆ ಅದನ್ನು ಎತ್ತುವುದೇ ಇಲ್ಲ. ಗಾಳಿ ಸಿಗದೆ ಕುದಿಯುತ್ತಿರುವ ಬೆಂಕಿಗೆ ನಾವೇ ಗಾಳಿ ಕೊಟ್ಟಂತಾಗುತ್ತದೆ.

ಇನ್ನೊಂದು ದೂರು ಸೆಟ್‌ನ ಮೇಲಲ್ಲ, ಅದಕ್ಕೆ ಗಾಳಿ ತುಂಬಿಸುವ ಸೇವೆಯ ಮೇಲೆ. 300 ಬಾರ್ ತುಂಬುವ ಕಂಪ್ರೆಸರ್ ಎಲ್ಲ ಊರಿನಲ್ಲೂ ಇರುವುದಿಲ್ಲ. ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರ್‌ನಿಂದ ಇದು ಆಗುವ ಕೆಲಸವೂ ಅಲ್ಲ, ಅದರ ಎಣ್ಣೆಯ ಅಂಶ ಉಸಿರಾಟಕ್ಕೆ ಯೋಗ್ಯವೂ ಅಲ್ಲ. ನಾವು ನಾಲ್ಕು ಸಿಲಿಂಡರ್‌ಗಳನ್ನು ಒಂದು ಖಾಸಗಿ ಕೇಂದ್ರಕ್ಕೆ ಕಳುಹಿಸುತ್ತಿದ್ದೆವು. ಅಲ್ಲಿ ಅವಸರದಲ್ಲಿ ಒಂದೇ ಸಲಕ್ಕೆ ತುಂಬಿ 300 ತೋರಿಸಿ ವಾಹನಕ್ಕೆ ಹಾಕಿಕೊಡುತ್ತಿದ್ದರು. ಬೇಗ ತುಂಬಿದ ಗಾಳಿ ಬಿಸಿಯಾಗಿರುತ್ತದೆ, ತಣ್ಣಗಾದಂತೆ ಒತ್ತಡ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಗೇಜ್ ನೋಡಿದರೆ ನಾಲ್ಕರಲ್ಲಿ ಮೂರು 270ಕ್ಕೆ ಬಂದಿದ್ದವು. 30 ಬಾರ್ ಎಂದರೆ ಸುಮಾರು 200 ಲೀಟರ್, ನಮ್ಮ ಕಬಡ್ಡಿ ಹುಡುಗನಿಗೆ ಎರಡೂವರೆ ನಿಮಿಷಕ್ಕೂ ಹೆಚ್ಚು ಉಸಿರು. ಎರಡು ಸಲ ಹೀಗಾದ ಮೇಲೆ ಕೇಂದ್ರವನ್ನು ಬದಲಿಸಿದೆವು. ಈಗ ನಿಧಾನವಾಗಿ ತುಂಬಿ, ತಣಿಯಲು ಬಿಟ್ಟು, ಮತ್ತೆ ತುಂಬಿಸಿ ಕೊಡುವವರ ಬಳಿಗೆ ಹೋಗುತ್ತೇವೆ, ಗಾಳಿಯ ಗುಣಮಟ್ಟದ ಪರೀಕ್ಷಾ ಪತ್ರವನ್ನೂ ಕೇಳಿ ಪಡೆಯುತ್ತೇವೆ. ಸಿಲಿಂಡರ್ ಕೊಳ್ಳುವಾಗ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪೆಸೊದ ಅನುಮೋದನೆ ಇದೆಯೇ ಎಂದು, ಮೈಮೇಲೆ ಬರೆದಿರುವ ಹೈಡ್ರೋ ಟೆಸ್ಟ್ (ನೀರಿನ ಒತ್ತಡದಿಂದ ಸಿಲಿಂಡರ್‌ನ ಬಲ ನೋಡುವ ಪರೀಕ್ಷೆ) ದಿನಾಂಕ ಮತ್ತು ಬಳಕೆಯ ಕೊನೆಯ ವರ್ಷ ಯಾವುದು ಎಂದು ನೋಡಿಕೊಳ್ಳಿ. ಅಗ್ಗಕ್ಕೆ ಬರುವ ಹಳೆಯ ಕಾರ್ಬನ್ ಸಿಲಿಂಡರ್‌ಗಳಲ್ಲಿ ಆಯುಷ್ಯ ಮುಗಿಯಲು ಎರಡು ವರ್ಷವೂ ಉಳಿದಿರದ ಉದಾಹರಣೆಯನ್ನು ನಾನೇ ಕಂಡಿದ್ದೇನೆ.

ಫೆಬ್ರವರಿಯ ಒಂದು ರಾತ್ರಿ ಈ ಎಲ್ಲವೂ ಪರೀಕ್ಷೆಗೆ ಬಂತು. ನಾರಿನ ಪುಡಿ ತುಂಬಿದ ಚೀಲಗಳ ಹಿಂಬದಿಯ ಗೋದಾಮಿನಲ್ಲಿ ಮೂರನೇ ಪಾಳಿಯವರಿಗೆ ಸುಟ್ಟ ವಾಸನೆ ಬಂದಿತು. ನಾರಿನ ಪುಡಿ ಉರಿಯುವುದಕ್ಕಿಂತ ಒಳಗೊಳಗೇ ಕೆಂಡವಾಗಿ ಹೋಗುವ ವಸ್ತು. ಜ್ವಾಲೆ ಕಾಣದು, ಹೊಗೆ ಮಾತ್ರ ನೆಲದಿಂದ ಮಾಡಿನವರೆಗೆ ತುಂಬಿಕೊಳ್ಳುತ್ತದೆ. 112ಕ್ಕೆ ಕರೆ ಹೋಯಿತು. ಪಾಳಿಯ ಹಮಾಲರೊಬ್ಬರು ಎಣಿಕೆಗೆ ಸಿಗದೇ ಇದ್ದುದರಿಂದ ಜೋಡಿಯೊಂದನ್ನು ಒಳಗೆ ಕಳುಹಿಸಿದೆವು. ಶಟರನ್ನು ಸೊಂಟದ ಎತ್ತರಕ್ಕಷ್ಟೇ ಎತ್ತಲಾಯಿತು. ಬೋರ್ಡ್‌ನಲ್ಲಿ ಬರೆದದ್ದರ ಫೋಟೊ ಈಗಲೂ ನನ್ನ ಬಳಿ ಇದೆ: 2.14, 295 ಮತ್ತು 290, ತಿರುಗುವುದು 180. ಐದು ನಿಮಿಷಕ್ಕೆ ಒಳಗಿನಿಂದ ಬಂದ ಉತ್ತರ 240, 225. ಎಂಟನೇ ನಿಮಿಷಕ್ಕೆ ಗೇಟಿನ ವಾಚ್‌ಮನ್ ಓಡಿಬಂದು ಆ ಹಮಾಲರು ಊಟಕ್ಕೆ ಹೊರಗೆ ಹೋಗಿದ್ದು ಈಗ ಬಂದರೆಂದು ಹೇಳಿದ. ವಾಕಿಟಾಕಿಯಲ್ಲಿ ಹಿಂತಿರುಗಲು ಹೇಳಿದಾಗ ಒಳಗಿದ್ದ ಎಲೆಕ್ಟ್ರಿಷಿಯನ್, “ಸಾರ್, ಕೆಂಡ ಕಾಣಿಸ್ತಿದೆ, ಇನ್ನೆರಡು ನಿಮಿಷ ಕೊಡಿ” ಎಂದರು. ಅವರ ಗೇಜ್ ಕೇಳಿದೆ. 185. ಬರಲು ಹೇಳಿದೆ. ಅವರು ಬಂದರು. ಹೋಸ್ ಕೈಬಿಡದೆ, ಅದರ ಮೇಲೆಯೇ ಕೈಯಾಡಿಸುತ್ತ ಬಂದದ್ದರಿಂದ ಈ ಸಲ ಹಿಂದಿರುಗಲು ಐದೇ ನಿಮಿಷ ಹಿಡಿಯಿತು. ಶಟರ್‌ನ ಕೆಳಗೆ ಅವರ ಕೈ ಕಂಡಾಗ ಗೇಜ್ 120 ಇತ್ತು. ಸ್ವಲ್ಪ ಹೊತ್ತಿಗೆ ಅಗ್ನಿಶಾಮಕ ಸಿಬ್ಬಂದಿ ಬಂದರು, ನಮ್ಮ ಬೋರ್ಡ್ ನೋಡಿ ಒಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಕೆಲಸ ಶುರುಮಾಡಿದರು. ಬೆಳಗಿನವರೆಗೆ ಚೀಲ ಬಿಚ್ಚಿ ನೀರು ಹಾಯಿಸಬೇಕಾಯಿತು. ಮುನ್ನೂರು ಚೀಲ ಹೋದವು, ಯಾರಿಗೂ ಏನೂ ಆಗಲಿಲ್ಲ.

ಬಳಸಿದ ಸೆಟ್‌ಗಳನ್ನು ಮರುದಿನವೇ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಮಸಿ ಮೆತ್ತಿದ ಪಟ್ಟಿಯನ್ನು ಹಾಗೆಯೇ ಕಪಾಟಿಗೆ ತೂಗುಹಾಕುವುದು ಹೆಮ್ಮೆಯ ವಿಷಯವಲ್ಲ. ಈ ಸೆಟ್‌ನ ಪಟ್ಟಿಗಳು ಬಿಚ್ಚಿ ತೊಳೆಯಲು ಬರುತ್ತವೆ, ಅದೂ ಒಂದು ಅನುಕೂಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಕತ್ತಲಲ್ಲಿ ಕಾಣದ ಗೇಜ್ ಮತ್ತು ಡಬ್ಬದ ಮೇಲೆ ಎದ್ದು ಕಾಣುವ 45ರ ಸಂಖ್ಯೆಗೆ. ಎರಡು ಹೆಚ್ಚುವರಿ ಸಿಲಿಂಡರ್ ಮತ್ತು ಸಣ್ಣ ಅಳತೆಯ ಎರಡು ಮಾಸ್ಕ್‌ಗಳಿಗೆ ಈಗಾಗಲೇ ಆದೇಶ ಕೊಟ್ಟಿದ್ದೇವೆ. 1944ರಲ್ಲಿ ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ 66 ಅಗ್ನಿಶಾಮಕರು ತೀರಿಕೊಂಡ ಏಪ್ರಿಲ್ 14ರಂದು ನಮ್ಮಲ್ಲಿ ಪ್ರತಿ ವರ್ಷ ಡ್ರಿಲ್ ಇರುತ್ತದೆ. ಈ ಸಲ ಆ ದಿನ ಹನ್ನೆರಡು ಜನರ ಗಾಳಿಯ ಬಳಕೆಯನ್ನೂ ಹೊಸದಾಗಿ ಅಳೆದು, ಪ್ರತಿಯೊಬ್ಬರ ಬಿಲ್ಲೆಯ ಹಿಂಬದಿಯಲ್ಲಿ ಅವರವರ ನಿಮಿಷವನ್ನು ಕೆತ್ತಿಸಲಿದ್ದೇವೆ.